ಗುಂಡಿ ಹಾಕೋಕೆ 12 ನಿಮಿಷ: ಅಪ್ಪನ ಆರೈಕೆ ಸೇವೆ ಬಗ್ಗೆ, 10 ತಿಂಗಳ ನಂತರ

ಅಪ್ಪನಿಗೆ ಸ್ಟ್ರೋಕ್ ಆಗಿ ಒಂದು ವರ್ಷವಾಗುತ್ತಾ ಬಂತು. ಅದರಲ್ಲಿ 10 ತಿಂಗಳಿಂದ ಮನೆಗೇ ಬಂದು ನೋಡಿಕೊಳ್ಳುವ ಒಂದು ಸೇವೆಯನ್ನು ಬಳಸುತ್ತಿದ್ದೇವೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಒಂದೇ ಸಂಸ್ಥೆಯಲ್ಲಿ ಒಬ್ಬ ಕೋಆರ್ಡಿನೇಟರ್ ಕೂತು ಕೇಳಿಸಿಕೊಳ್ಳುತ್ತಾರೆ, ಇನ್ನೊಬ್ಬರು ಫಾರ್ಮ್ ತುಂಬಿಸಿಕೊಂಡು ಹೋಗಿಬಿಡುತ್ತಾರೆ. ಹೆಸರು ನೋಡಿ ಸೇರಿದರೆ ನಿಮಗೆ ಯಾರು ಸಿಗುತ್ತಾರೋ ಗೊತ್ತಿಲ್ಲ, ಅಲ್ವಾ? ಅದಕ್ಕೇ ಅವರು ಕೆಲಸ ಮಾಡುವ ರೀತಿಯ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಅವರು ಇಟ್ಟಿರುವ ಹೆಸರು 'ವ್ಯಕ್ತಿ ಕೇಂದ್ರಿತ ಆರೈಕೆ ಯೋಜನೆ'. ಈಗ ಯಾವ ಸಂಸ್ಥೆಯ ಕರಪತ್ರ ತೆಗೆದರೂ ಈ ಪದ ಕಾಣುತ್ತದೆ. ಮನೆಯಲ್ಲಿ ಯಾರಿಗಾದರೂ ಇಂಥದ್ದು ಬೇಕಾಗಿ ಹುಡುಕುತ್ತಿರುವವರಿಗೆ ಆ ಪದದ ಒಳಗೆ ಏನಿರಬೇಕು ಅಂತ ಗೊತ್ತಾಗಲಿ ಅಂತ ಇಷ್ಟು ಉದ್ದ ಬರೆಯುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಉಳಿದ ಒಂದು ರಾತ್ರಿ ಶಿಫ್ಟಿನಲ್ಲಿ ಹೋಯಿತು, ಅದನ್ನು ಆಮೇಲೆ ಹೇಳುತ್ತೇನೆ.

ಅಪ್ಪ ಟೈಲರ್. ಸ್ಟ್ರೋಕ್ ಆಗುವ ಹಿಂದಿನ ವಾರದವರೆಗೂ ಮೆಷಿನ್ ತುಳಿದವರು. ಪೆಟ್ಟು ಬಿದ್ದದ್ದು ಮೆದುಳಿನ ಎಡಭಾಗಕ್ಕೆ. ಹಾಗಾಗಿ ಬಲಗೈ, ಬಲಗಾಲಿನ ಶಕ್ತಿ ಹೋಯಿತು, ಜೊತೆಗೆ ಮಾತೂ ಹೋಯಿತು. ಇದಕ್ಕೆ ಅಫೇಸಿಯಾ ಅನ್ನುತ್ತಾರೆ. ತೊಂದರೆ ಇರುವುದು ಭಾಷೆಯಲ್ಲಿ. ಬುದ್ಧಿ, ನೆನಪು, ಇಷ್ಟಾನಿಷ್ಟ ಎಲ್ಲ ಒಳಗೆ ಹಾಗೇ ಇವೆ. ನಾವು ಹೇಳುವುದು ಅಪ್ಪನಿಗೆ ಬಹುಪಾಲು ಅರ್ಥವಾಗುತ್ತದೆ, ಆದರೆ ಬಾಯಿಗೆ ಪದ ಬರುವುದಿಲ್ಲ. ಬರುವುದು ಎರಡೇ ಮಾತು, 'ಹೂಂ' ಮತ್ತು 'ಆಯ್ತು'. ಬೇಡ ಅನ್ನಬೇಕಾದಾಗಲೂ ಎಷ್ಟೋ ಸಲ 'ಹೂಂ' ಅಂತಲೇ ಬಂದುಬಿಡುತ್ತದೆ. ಅಫೇಸಿಯಾ ಇರುವವರಲ್ಲಿ ಹೌದು, ಇಲ್ಲ ಹೀಗೆ ಅದಲು ಬದಲಾಗುವುದು ಅಪರೂಪವಲ್ಲ ಅಂತ ಸ್ಪೀಚ್ ಥೆರಪಿಸ್ಟ್ ಹೇಳುವವರೆಗೂ ನಮಗೆ ಗೊತ್ತಿರಲಿಲ್ಲ. 'ಅವರೇ ಹೂಂ ಅಂದ್ರಲ್ಲ' ಅಂತ ಅಷ್ಟು ದಿನ ಏನೇನು ಮಾಡಿಬಿಟ್ಟಿದ್ದೆವೋ, ಈಗ ನೆನೆಸಿಕೊಂಡರೆ ಸಂಕಟವಾಗುತ್ತದೆ.

ಇದಕ್ಕಿಂತ ಮುಂಚೆ ಬೇರೆ ಒಂದು ಸೇವೆ ಇತ್ತು, ಸ್ವಲ್ಪ ದಿನ. ಅವರದ್ದೂ ಒಂದು ಕೇರ್ ಪ್ಲಾನ್ ಇತ್ತು, ನಾಲ್ಕು ಪುಟ. ಎಷ್ಟು ಗಂಟೆಗೆ ಸ್ನಾನ, ಎಷ್ಟು ಗಂಟೆಗೆ ಮಾತ್ರೆ, ಬಿಪಿ ಎಷ್ಟಿದ್ದರೆ ಡಾಕ್ಟರಿಗೆ ಫೋನ್ ಮಾಡಬೇಕು, ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು. ಒಂದೂ ತಪ್ಪಿರಲಿಲ್ಲ. ಆದರೆ ಆ ನಾಲ್ಕು ಪುಟದಲ್ಲಿ ಅಪ್ಪನ ಹೆಸರು ಅಳಿಸಿ ಬೇರೆ ಯಾರ ಹೆಸರು ಬರೆದಿದ್ದರೂ ಒಂದಕ್ಷರ ಬದಲಾಯಿಸಬೇಕಾಗಿರಲಿಲ್ಲ. ದಿನಚರಿ ಪುಸ್ತಕದಲ್ಲಿ ದಿನಾ ಬೆಳಿಗ್ಗೆ ಒಂದೇ ಸಾಲು: 'ಬಟ್ಟೆ ಹಾಕಿಸಲು ಬಿಡುವುದಿಲ್ಲ, ಸಿಟ್ಟು ಜಾಸ್ತಿ.' ಸಿಟ್ಟು ಕಡಿಮೆಯಾಗೋಕೆ ಮಾತ್ರೆ ಕೊಡಿಸಿ ಅಂತ ಸಲಹೆಯೂ ಬಂತು. ನಾವೂ ಅದನ್ನೇ ಯೋಚಿಸುತ್ತಿದ್ದೆವು.

ಹೊಸ ಸೇವೆಗೆ ಸೇರಿದ ಮೊದಲ ವಾರ ಇವರ ಕೇರ್‌ಟೇಕರ್ ಹುಡುಗನೂ ಅದನ್ನೇ ಬರೆದ. ವಾರದ ಕೊನೆಗೆ ಪ್ಲಾನ್ ಮಾಡೋಕೆ ಕೋಆರ್ಡಿನೇಟರ್ ಬಂದರು. ಬಂದವರು ನನ್ನ ಹತ್ತಿರ ಮಾತಾಡುತ್ತಾರೆ ಅಂತ ನಾನು ಫೈಲು ಹಿಡಿದು ನಿಂತಿದ್ದೆ. ಅವರು ನೇರವಾಗಿ ಅಪ್ಪನ ಮುಂದೆ ಹೋಗಿ, ಕುರ್ಚಿ ಎಳೆದು, ಅವರ ಕಣ್ಣಿನ ಮಟ್ಟಕ್ಕೆ ಕೂತರು. ಟಿವಿ ಆಫ್ ಮಾಡಬಹುದಾ ಅಂತ ಅಪ್ಪನನ್ನೇ ಕೇಳಿದರು. ಒಂದು ಸಲಕ್ಕೆ ಒಂದೇ ಪ್ರಶ್ನೆ, ಚಿಕ್ಕದು. ಕೇಳಿ ಸುಮ್ಮನೆ ಕಾಯುವುದು. ಆ ಕಾಯುವಿಕೆ ನನಗೆ ತಡೆಯೋಕೆ ಆಗಲಿಲ್ಲ. ಎರಡನೇ ಪ್ರಶ್ನೆಗೆ ನಾನೇ ಉತ್ತರ ಕೊಟ್ಟುಬಿಟ್ಟೆ. 'ಮೇಡಂ, ನಿಮ್ಮ ಮಾತನ್ನೂ ಬರೆದುಕೊಳ್ತೀನಿ, ಆದರೆ ಮೊದಲು ಅವರಿಗೆ ಸ್ವಲ್ಪ ಟೈಮ್ ಕೊಡೋಣ' ಅಂದರು. ಸ್ಟ್ರೋಕ್ ಆದಮೇಲೆ ಅಪ್ಪನ ಉತ್ತರಕ್ಕೆ ಯಾರಾದರೂ ಅಷ್ಟು ಹೊತ್ತು ಕಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೇ ದಿನ ಬೆಳಿಗ್ಗೆ ಮತ್ತೆ ಬಂದು ಒಂದು ಮೂಲೆಯಲ್ಲಿ ಕೂತರು, ಸುಮ್ನೆ ನೋಡೋಕೆ. ಹುಡುಗ ಶರ್ಟ್ ತಂದ. ಕೆಲಸ ಗೊತ್ತಿದ್ದ ಹುಡುಗನೇ. ಶಕ್ತಿ ಇಲ್ಲದ ಬಲಗೈಗೆ ಮೊದಲು ತೋಳು ತೊಡಿಸಿದ, ಆಮೇಲೆ ಎಡಗೈಗೆ. ಹಾಗೇ ಮಾಡಬೇಕು, ಇಲ್ಲದಿದ್ದರೆ ನಿಶ್ಶಕ್ತ ಕೈಯನ್ನು ತಿರುಚಿ ಎಳೆಯಬೇಕಾಗುತ್ತದೆ. ಕಾಲರ್ ಸರಿ ಮಾಡಿದ. ಅಲ್ಲಿಯವರೆಗೂ ಅಪ್ಪ ಸುಮ್ಮನಿದ್ದರು. ಮೇಲಿನ ಗುಂಡಿಗೆ ಅವನು ಕೈ ಹಾಕಿದ ತಕ್ಷಣ ಎಡಗೈಯಲ್ಲಿ ಅವನ ಮಣಿಕಟ್ಟು ಹಿಡಿದು ತಳ್ಳಿದರು. ಅವನು ಮತ್ತೆ ಕೈ ಹಾಕಿದ. ಮತ್ತೆ ತಳ್ಳಿದರು, ಈ ಸಲ ಮುಖ ಕೆಂಪಾಗಿತ್ತು. 'ದಿನಾ ಹೀಗೇ ಮೇಡಂ' ಅಂದ ಹುಡುಗ. 'ನೀವು ಒಂಚೂರು ಕೈ ತೆಗೀರಿ, ನೋಡೋಣ' ಅಂದರು ಕೋಆರ್ಡಿನೇಟರ್.

ಅಪ್ಪ ಎಡಗೈಯನ್ನು ಶರ್ಟಿನ ಕೆಳಗಿನ ಅಂಚಿಗೆ ತಂದರು. ಎರಡೂ ಪಟ್ಟಿ ಸಮ ಇದೆಯಾ ಅಂತ ಬೆರಳಲ್ಲಿ ಸವರಿ ನೋಡಿದರು. ಕೆಳಗಿನ ಗುಂಡಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಕಾಜಾದೊಳಗೆ ತೂರಿಸೋಕೆ ಶುರು ಮಾಡಿದರು. ಜಾರಿತು. ಇನ್ನೊಮ್ಮೆ. ಮತ್ತೆ ಜಾರಿತು. ನಾಲ್ಕನೇ ಸಲಕ್ಕೆ ಗುಂಡಿ ಅರ್ಧ ಒಳಗೆ ಹೋಯಿತು, ಹೆಬ್ಬೆರಳ ಉಗುರಲ್ಲಿ ಒತ್ತಿ ಪೂರ್ತಿ ತೂರಿಸಿದರು. ಆಮೇಲೆ ಅದರ ಮೇಲಿನದು. ಕೆಳಗಿನಿಂದ ಮೇಲಕ್ಕೆ. ಕೆಳಗಿನ ಅಂಚು ಸಮ ಬಂದರೆ ಮೇಲಿನದು ತಾನಾಗಿ ಬರುತ್ತದೆ ಅಂತ ಚಿಕ್ಕವರಿದ್ದಾಗ ನಮಗೂ ಹೇಳಿಕೊಟ್ಟಿದ್ದರು. ನನಗೇ ಮರೆತುಹೋಗಿತ್ತು. ಏಳು ಗುಂಡಿಗೆ 12 ನಿಮಿಷ ಹಿಡಿಯಿತು. ಕೊನೆಯ ಗುಂಡಿ ಆದಮೇಲೆ ಎದೆಯ ಮೇಲೆ ಅಂಗೈ ಇಟ್ಟು ಶರ್ಟನ್ನು ಒಮ್ಮೆ ಕೆಳಗೆ ಸವರಿದರು, ಗಿರಾಕಿಗೆ ಟ್ರಯಲ್ ನೋಡುವಾಗ ಸವರುತ್ತಿದ್ದ ಹಾಗೇ.

ಆ ದಿನ ಪ್ಲಾನಿನಲ್ಲಿ ಬಂದ ಸಾಲು ಇದು: 'ಗುಂಡಿ ಹಾಕುವುದು ಮಾಸ್ಟರ್ ಕೆಲಸ. ಕೆಳಗಿನಿಂದ ಶುರು ಮಾಡುತ್ತಾರೆ. 12 ನಿಮಿಷ ಬೇಕು. ಕೈ ಹಾಕಬೇಡಿ, ಪಕ್ಕದಲ್ಲಿ ಇರಿ.' ಬೆಳಗಿನ ಭೇಟಿಯನ್ನು ಅರ್ಧ ಗಂಟೆಯಿಂದ 45 ನಿಮಿಷಕ್ಕೆ ಏರಿಸಿದರು. ಇದನ್ನು ಜೋರಾಗಿ ಹೇಳಬೇಕು. ಅವರವರಿಗೆ ಬೇಕಾದ ಹಾಗೆ ನೋಡಿಕೊಳ್ಳುತ್ತೇವೆ ಅಂತ ಬಾಯಲ್ಲಿ ಹೇಳಿ, ಶಿಫ್ಟಿನ ಸಮಯ ಬದಲಾಯಿಸದಿದ್ದರೆ ಆ ಮಾತಿಗೆ ಅರ್ಥ ಇಲ್ಲ. 'ಸಿಟ್ಟು ಜಾಸ್ತಿ' ಅನ್ನುವ ಸಾಲು ಅದಾದಮೇಲೆ ಬೆಳಗಿನ ಪುಟದಲ್ಲಿ ಬರಲಿಲ್ಲ. ಮಾತ್ರೆಯ ಮಾತೂ ಬರಲಿಲ್ಲ.

ಟಾಮ್ ಕಿಟ್‌ವುಡ್ ಅಂತ ಬ್ರಿಟನ್ನಿನ ಒಬ್ಬರು 1990ರ ದಶಕದಲ್ಲಿ ಮರೆವಿನ ಕಾಯಿಲೆ ಇರುವವರ ಆರೈಕೆಯನ್ನು ಹತ್ತಿರದಿಂದ ನೋಡಿ ಬರೆದರು. ಒಳ್ಳೆಯ ಮನಸ್ಸಿನ ಕೆಲಸಗಾರರೇ ಗೊತ್ತಿಲ್ಲದೆ ಮಾಡುವ ಸಣ್ಣ ಸಣ್ಣ ಕೆಲಸಗಳು ಒಬ್ಬ ಮನುಷ್ಯನನ್ನು ಹೇಗೆ ಕುಗ್ಗಿಸುತ್ತವೆ ಅಂತ ಅವರು ಪಟ್ಟಿ ಮಾಡಿದ್ದರು. ಮಗುವಿನ ಹಾಗೆ ಮಾತಾಡಿಸುವುದು, ಎದುರಿಗಿದ್ದರೂ ಇಲ್ಲವೇನೋ ಅನ್ನುವ ಹಾಗೆ ಬೇರೆಯವರ ಜೊತೆ ಮಾತಾಡುವುದು, ಅವರ ಕೈಗೆ ಆಗದಷ್ಟು ಬೇಗ ಬೇಗ ಮಾಡಿ ಮುಗಿಸುವುದು. ಅಪ್ಪನಿಗೆ ಮರೆವಿಲ್ಲ. ಆದರೂ ಓದುವಾಗ ನಮ್ಮ ಮನೆಯದೇ ಕಥೆ ಅನ್ನಿಸಿತು. ಈ ಮೂರೂ ನಮ್ಮ ಮನೆಯಲ್ಲಿ ನಡೆದಿದ್ದವು, ಎಲ್ಲವೂ ಪ್ರೀತಿಯಿಂದಲೇ.

ಇನ್ನು ಪ್ಲಾನಿನ ವಿಷಯ. ಅದರ ಬೆನ್ನೆಲುಬು ಎರಡು ಕಾಲಂ. ಒಂದರಲ್ಲಿ ಅವರಿಗೆ ಯಾವುದು ಮುಖ್ಯ, ಇನ್ನೊಂದರಲ್ಲಿ ಅವರ ಆರೋಗ್ಯಕ್ಕೆ, ಸುರಕ್ಷತೆಗೆ ಯಾವುದು ಮುಖ್ಯ. ಅಮೆರಿಕದ ಮೈಕಲ್ ಸ್ಮಲ್ ಮತ್ತು ಅವರ ಜೊತೆಯವರು ಅಂಗವೈಕಲ್ಯ ಇರುವವರ ಜೊತೆ ಕೆಲಸ ಮಾಡುತ್ತಾ ಈ ಎರಡನ್ನೂ ಬೇರೆ ಬೇರೆಯಾಗಿ ಬರೆಯುವ ರೀತಿಯನ್ನು ಬೆಳೆಸಿದರು. ಕೇಳೋಕೆ ಸುಲಭ. ಆದರೆ ನೀವೇ ಒಂದು ಹಾಳೆ ತೆಗೆದುಕೊಂಡು ನಿಮ್ಮ ಮನೆಯವರ ಬಗ್ಗೆ ಬರೆದು ನೋಡಿ. ಎರಡನೇ ಕಾಲಂ ಸರಸರ ತುಂಬುತ್ತದೆ. ಬೀಳಬಾರದು, ಬೆನ್ನಲ್ಲಿ ಹುಣ್ಣಾಗಬಾರದು, ಮಾತ್ರೆ ತಪ್ಪಬಾರದು. ಮೊದಲನೆಯದಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ನಿಲ್ಲದಿದ್ದರೂ ನಾವು ಬರೆಯುವುದು ನಮಗೆ ಅನ್ನಿಸಿದ್ದನ್ನೇ.

ನಾನೂ ಹಾಗೇ ಬರೆಸಿದ್ದೆ. ಟಿವಿಯಲ್ಲಿ ನ್ಯೂಸ್, ಮಧ್ಯಾಹ್ನ ನಿದ್ದೆ, ಮೊಮ್ಮಕ್ಕಳು. ಕೋಆರ್ಡಿನೇಟರ್ ಅದನ್ನೆಲ್ಲ ಬರೆದುಕೊಂಡು ಪ್ರತಿ ಸಾಲಿನ ಮುಂದೆ ಅದು ಎಲ್ಲಿಂದ ಬಂತು ಅಂತ ಗುರುತು ಹಾಕಿದರು: 'ಅವರೇ ತೋರಿಸಿದ್ದು', 'ನಾವು ನೋಡಿ ತಿಳಿದದ್ದು', 'ಮಗಳು ಹೇಳಿದ್ದು.' ಈ ಸೇವೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು. ಮೊದಲ ಸಲದ ಹಾಳೆಯಲ್ಲಿ ಮೂರರಲ್ಲಿ ಎರಡು ಪಾಲು 'ಮಗಳು ಹೇಳಿದ್ದು'. ಯೋಜನೆ ಅಪ್ಪನದು ಅಂತ ಹೆಸರಿಗೆ ಮಾತ್ರ ಇತ್ತು, ಒಳಗೆಲ್ಲ ನಾನೇ ಇದ್ದೆ.

ಈ ಎಲ್ಲದರ ಸಾರ ಒಂದೇ ಹಾಳೆಯಲ್ಲಿ ಬರುತ್ತದೆ. ದೊಡ್ಡ ಅಕ್ಷರ. ಹೊಸಬರು ಯಾರೇ ಬಂದರೂ ಎರಡು ನಿಮಿಷದಲ್ಲಿ ಓದಬಹುದು. ಮೊದಲ ಸಾಲು, 'ಮಾಸ್ಟರ್ ಅಂತ ಕರೆಯಿರಿ. ತಾತ ಅಂತ ಬೇಡ.' ಆಮೇಲೆ ಗುಂಡಿಯ ವಿಷಯ. ಆಮೇಲೆ ಅಪ್ಪನ ಮಾತು ತಿಳಿಯುವುದು ಹೇಗೆ ಅಂತ: ಬಾಯಲ್ಲಿ 'ಹೂಂ' ಬಂದರೆ ಒಪ್ಪಿಗೆ ಅಂತ ತಿಳಿಯಬೇಡಿ, ಎರಡು ವಸ್ತು ಮುಂದೆ ಹಿಡಿದು ತೋರಿಸಿ, ಯಾವುದಕ್ಕೆ ಕೈ ಹೋಗುತ್ತದೋ ಅದನ್ನು ನಂಬಿ, ಅನುಮಾನ ಇದ್ದರೆ ತಿರುಗಿಸಿ ಇನ್ನೊಮ್ಮೆ ಕೇಳಿ. ಮಂಚದ ಕಂಬಿಗೆ ಉಂಗುರದಿಂದ ಎರಡು ಸಲ ಬಡಿದರೆ ಬಾತ್‌ರೂಮಿಗೆ ಹೋಗಬೇಕು ಅಂತ. ಕಣ್ಣು ಮುಚ್ಚಿಕೊಂಡು ತಲೆ ಗೋಡೆ ಕಡೆ ತಿರುಗಿಸಿದರೆ ಸಾಕು ಅಂತ, ಆಗ ಬಿಟ್ಟು ಹೊರಗೆ ಬನ್ನಿ. ಈ ಹಾಳೆಯನ್ನು ಗೋಡೆಗೆ ಅಂಟಿಸೋಣ ಅಂದಾಗ ಅಪ್ಪ ಕೈಯಲ್ಲೇ ಬೇಡ ಅಂದರು. ಬಂದು ಹೋಗುವವರೆಲ್ಲ ಓದುತ್ತಾರಲ್ಲ, ನಾವು ಅದನ್ನು ಯೋಚಿಸಿಯೇ ಇರಲಿಲ್ಲ. ಈಗ ಬೀರು ಬಾಗಿಲಿನ ಒಳಗಡೆ ಇದೆ.

ಎರಡು ಕಾಲಂ ಒಂದಕ್ಕೊಂದು ಹೊಡೆದಾಡಿದ್ದು ಮೆಟ್ಟಿಲಿನ ವಿಷಯದಲ್ಲಿ. ಮನೆ ಮುಂದೆ ಐದು ಮೆಟ್ಟಿಲು, ಕೆಳಗೆ ಒಂದು ಕಲ್ಲಿನ ಬೆಂಚು. ಅಪ್ಪ ದಿನಾ ಬೆಳಿಗ್ಗೆ ಬಾಗಿಲಿನ ಕಡೆ ಕೈ ತೋರಿಸುತ್ತಿದ್ದರು, ಅಲ್ಲಿ ಹೋಗಿ ಕೂರಬೇಕು. ಅಣ್ಣ ಸುತರಾಂ ಒಪ್ಪಲಿಲ್ಲ. ಬಿದ್ದರೆ ಸೊಂಟದ ಮೂಳೆ ಹೋಗುತ್ತದೆ, ಅವರಿಗೆ ಈಗ ತೀರ್ಮಾನ ಮಾಡುವ ಶಕ್ತಿ ಇಲ್ಲ, ನಾವೇ ಮಾಡಬೇಕು ಅಂದ. ಕೋಆರ್ಡಿನೇಟರ್ ಅವನ ಜೊತೆ ವಾದಕ್ಕೆ ಇಳಿಯಲಿಲ್ಲ. ಮಾತು ಬರುವುದಿಲ್ಲ ಅನ್ನುವುದು ಬೇರೆ, ತೀರ್ಮಾನ ಮಾಡೋಕೆ ಬರುವುದಿಲ್ಲ ಅನ್ನುವುದು ಬೇರೆ ಅಂತ ಮಾತ್ರ ಹೇಳಿದರು. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆಯಲ್ಲೂ ಇದೇ ಇದೆ: ಕಾನೂನಿನ ಮುಂದೆ ಅವರಿಗೂ ಎಲ್ಲರಷ್ಟೇ ಸಾಮರ್ಥ್ಯ ಇದೆ ಅಂತ ಒಪ್ಪಬೇಕು, ಅದನ್ನು ಬಳಸೋಕೆ ಬೇಕಾದ ಬೆಂಬಲ ಕೊಡಬೇಕು.

ಆಮೇಲೆ ಎಲ್ಲರೂ ಕೂತು ಒಂದು ಹಾಳೆಯಲ್ಲಿ ಬರೆದೆವು. ಹೋದರೆ ಏನಾಗಬಹುದು, ಹೋಗದಿದ್ದರೆ ಏನು ಕಳೆದುಕೊಳ್ಳುತ್ತಾರೆ, ಅಪಾಯ ಕಡಿಮೆ ಮಾಡೋಕೆ ಏನು ಮಾಡಬಹುದು. ಎರಡನೇ ಪ್ರಶ್ನೆಯನ್ನು ನಮ್ಮನ್ನು ಯಾರೂ ಕೇಳಿಯೇ ಇರಲಿಲ್ಲ. ಫಿಸಿಯೋ ಬಂದು ಇಳಿಯುವಾಗ ಶಕ್ತಿ ಇಲ್ಲದ ಕಾಲು ಮೊದಲು, ಹತ್ತುವಾಗ ಗಟ್ಟಿ ಕಾಲು ಮೊದಲು ಅಂತ ಅಭ್ಯಾಸ ಮಾಡಿಸಿದರು. ಆಗ ಒಂದು ವಿಷಯ ಗೊತ್ತಾಯಿತು. ಕಂಬಿ ಇದ್ದದ್ದು ಒಂದೇ ಕಡೆ. ಇಳಿಯುವಾಗ ಎಡಗೈಗೆ ಸಿಗುವ ಕಂಬಿ ಹತ್ತುವಾಗ ಬಲಗಡೆ ಬರುತ್ತದೆ, ಬಲಗೈಯಲ್ಲಿ ಹಿಡಿತವೇ ಇಲ್ಲ. ಇನ್ನೊಂದು ಕಡೆಗೂ ಕಂಬಿ ಹಾಕಿಸಿದೆವು. ಬಲಮಗ್ಗುಲಲ್ಲಿ ಒಬ್ಬರು, ಕಾಲಿಗೆ ಚಪ್ಪಲಿ ಬದಲು ಶೂ, ನೆಲ ಒದ್ದೆ ಇದ್ದ ದಿನ ಬೇಡ. ಒಂದು ಸಲ ಅಪ್ಪ ಜಾರಿ ಮೆಟ್ಟಿಲಿನ ಮೇಲೆ ಕೂತುಬಿಟ್ಟರು, ಪೆಟ್ಟಾಗಲಿಲ್ಲ. ಹಿಂದಿನ ಸೇವೆಯವರಾಗಿದ್ದರೆ ಅವತ್ತಿಗೆ ಮೆಟ್ಟಿಲು ಬಂದ್ ಆಗುತ್ತಿತ್ತು ಅಂತ ನನ್ನ ಅನಿಸಿಕೆ. ಇವರು ಯಾಕೆ ಜಾರಿತು ಅಂತ ನೋಡಿದರು. ಶೂ ಲೇಸ್ ಸಡಿಲ ಇತ್ತು. ಲೇಸ್ ಬದಲು ಪಟ್ಟಿ ಇರುವ ಶೂ ತಂದೆವು, ಮಾರನೇ ದಿನ ಅಪ್ಪ ಮತ್ತೆ ಬೆಂಚಿನ ಮೇಲಿದ್ದರು. ಈಗ ಅಣ್ಣನೇ ಭಾನುವಾರ ಕರೆದುಕೊಂಡು ಹೋಗುತ್ತಾನೆ.

ಎಲ್ಲದರಲ್ಲೂ ಹೀಗೆ ಅಪ್ಪನ ಇಷ್ಟದ ಹಾಗೇ ಆಯಿತು ಅಂತಲ್ಲ. ನುಂಗುವ ತೊಂದರೆ ಇದ್ದದ್ದರಿಂದ ಮೊದಲು ನೀರನ್ನು ಗಂಜಿಯ ಹಾಗೆ ಮಂದ ಮಾಡಿ ಕೊಡಬೇಕಿತ್ತು, ಅಪ್ಪನಿಗೆ ಅದು ಅಸಹ್ಯ. ಶ್ವಾಸಕೋಶಕ್ಕೆ ನೀರು ಹೋದರೆ ನ್ಯುಮೋನಿಯಾ ಆಗಬಹುದು ಅಂತ ಚಿತ್ರ ತೋರಿಸಿ ವಿವರಿಸಿದರು. ಬೇಗ ಮರುಪರೀಕ್ಷೆ ಮಾಡಿ ಅಂತ ಕೋಆರ್ಡಿನೇಟರ್ ಥೆರಪಿಸ್ಟ್ ಅವರ ಬೆನ್ನು ಹತ್ತಿದರು. ಅಲ್ಲಿಯವರೆಗೆ ಅಪ್ಪ ಮುಖ ಸಿಂಡರಿಸಿಕೊಂಡೇ ಕುಡಿದರು. ಇಲ್ಲಿ ಬೇರೆ ದಾರಿ ಇರಲಿಲ್ಲ.

ಈಗ ರಾತ್ರಿ ಶಿಫ್ಟ್. ಮಾಮೂಲಿ ರಾತ್ರಿ ಬರುವವರು ರಜೆ ಹಾಕಿದರೆ ಬದಲಿ ಯಾರೋ ಬರುತ್ತಾರೆ. 10 ತಿಂಗಳಲ್ಲಿ ಮೂರು ಸಲ ಬದಲಿಯವರು ಹಾಳೆ ಓದದೇ ಕೆಲಸ ಶುರು ಮಾಡಿದರು. ಒಂದು ರಾತ್ರಿಯಂತೂ ಮರೆಯೋಕೆ ಆಗುವುದಿಲ್ಲ. ಅಪ್ಪ ಆಸರೆ ಕೊಟ್ಟರೆ ಬಾತ್‌ರೂಮಿಗೆ ತಾವೇ ನಡೆಯುತ್ತಾರೆ, ಆ ಮಟ್ಟಕ್ಕೆ ಬರೋಕೆ ಎಷ್ಟು ತಿಂಗಳು ಕಷ್ಟಪಟ್ಟಿದ್ದಾರೆ. ಬಂದವರು ರಾತ್ರಿ ಎದ್ದೇಳುವುದು ಬೇಡ ಅಂತ ಡೈಪರ್ ಹಾಕಿಬಿಟ್ಟರು. ಕೇಳಿದ್ದರಂತೆ, ಅಪ್ಪ 'ಹೂಂ' ಅಂದರಂತೆ. ಮಧ್ಯರಾತ್ರಿ ಉಂಗುರದ ಟಣ್ ಟಣ್ ಕೇಳಿ ನಾನು ಎದ್ದು ಹೋಗುವಷ್ಟರಲ್ಲಿ ತಡವಾಗಿತ್ತು. ಅಪ್ಪ ನನ್ನ ಮುಖ ನೋಡಲಿಲ್ಲ. ಬೆಳಿಗ್ಗೆ ಪುಸ್ತಕದಲ್ಲಿ ಬರೆದಿತ್ತು, 'ರಾತ್ರಿ ಮಂಚ ಬಡಿದು ಗಲಾಟೆ ಮಾಡಿದರು.' ಎರಡು ದಿನ ಅಪ್ಪ ಗುಂಡಿಗೂ ಕೈ ಹಾಕಲಿಲ್ಲ, ಬೆಂಚಿಗೂ ಹೋಗಲಿಲ್ಲ.

ದೂರು ಕೊಟ್ಟೆ. ಮೇಲಿನವರು ಬಂದು ಅಪ್ಪನ ಮುಂದೆ ಕೂತು ಅವರಿಗೇ ಕ್ಷಮೆ ಕೇಳಿದರು, ಅದನ್ನು ಒಪ್ಪುತ್ತೇನೆ. ಶಿಫ್ಟ್ ಬದಲಾಗುವಾಗ ಹತ್ತು ನಿಮಿಷ ಇಬ್ಬರೂ ಜೊತೆಗಿರಬೇಕು, ಹಾಳೆ ಓದಿ ಸಹಿ ಮಾಡಬೇಕು ಅಂತ ನಿಯಮ ಮಾಡಿದರು. ಅದಾದಮೇಲೂ ಒಂದು ಸಲ ಸಹಿ ಇತ್ತು, ಓದಿರಲಿಲ್ಲ. ಎಷ್ಟು ಒಳ್ಳೆಯ ಯೋಜನೆ ಬರೆದರೂ ಅದು ಕೊನೆಗೆ ಅವತ್ತು ರಾತ್ರಿ ಬಾಗಿಲು ತಟ್ಟುವ ಆ ಒಬ್ಬರ ಕೈಯಲ್ಲಿರುತ್ತದೆ. ಬದಲಿಯವರಿಗೆ ತರಬೇತಿಯೂ ಕಡಿಮೆ, ವಿಶ್ರಾಂತಿಯೂ ಕಡಿಮೆ ಅಂತ ಮಾತಾಡಿದಾಗ ಗೊತ್ತಾಯಿತು. ಅದನ್ನು ಸರಿ ಮಾಡಬೇಕಾದದ್ದು ಸಂಸ್ಥೆಯೇ.

ಈ ರೀತಿಯ ಯೋಜನೆಯಿಂದ ಪವಾಡ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದೀರ್ಘಕಾಲದ ಕಾಯಿಲೆ ಇರುವವರ ಜೊತೆ ಕೂತು ಯೋಜನೆ ಮಾಡುವುದರ ಬಗ್ಗೆ 2015ರಲ್ಲಿ ಕಾಕ್ರೇನ್ ಅನ್ನುವ, ವೈದ್ಯಕೀಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡುವ ಸಂಸ್ಥೆಯವರ ಒಂದು ವಿಮರ್ಶೆ ಬಂತು. 19 ಅಧ್ಯಯನ, 10,856 ಜನ. ಆರೋಗ್ಯದ ಕೆಲವು ಅಂಶಗಳಲ್ಲಿ, ತಮ್ಮನ್ನು ತಾವು ನೋಡಿಕೊಳ್ಳುವ ವಿಶ್ವಾಸದಲ್ಲಿ ಸುಧಾರಣೆ ಕಂಡಿತು, ಆದರೆ ಸಣ್ಣ ಪ್ರಮಾಣದಲ್ಲಿ. ಯೋಜನೆ ಪೂರ್ತಿಯಾಗಿದ್ದು, ದಿನನಿತ್ಯದ ಆರೈಕೆಯೊಳಗೆ ಸೇರಿಕೊಂಡಿದ್ದ ಕಡೆ ಪರಿಣಾಮ ಜಾಸ್ತಿ ಇದ್ದ ಹಾಗೆ ಕಂಡಿತು. ನಮ್ಮ ಅನುಭವಕ್ಕೂ ಅದು ಸರಿಹೊಂದುತ್ತದೆ. ಅಪ್ಪನ ಬಲಗೈಗೆ ಶಕ್ತಿ ಬಂದಿಲ್ಲ, ಮಾತೂ ಬಂದಿಲ್ಲ. ಬದಲಾದದ್ದು ಅವರ ಬೆಳಗು.

ನೀವು ಸೇವೆ ಹುಡುಕುತ್ತಿದ್ದರೆ ಅವರ ಮಾದರಿ ಪ್ಲಾನ್ ಒಂದನ್ನು ತೋರಿಸೋಕೆ ಕೇಳಿ, ಹೆಸರು ಮುಚ್ಚಿ. ಓದಿದಾಗ ಒಬ್ಬ ಮನುಷ್ಯ ಕಣ್ಣ ಮುಂದೆ ಬರದಿದ್ದರೆ ಬೇರೆ ಕಡೆ ನೋಡಿ. ಯೋಜನೆಯನ್ನು ಎಷ್ಟು ದಿನಕ್ಕೊಮ್ಮೆ ತಿದ್ದುತ್ತೀರಿ, ಹೋದ ಸಲ ಯಾವ ಸಾಲು ತೆಗೆದಿರಿ ಅಂತ ಕೇಳಿ. ತೆಗೆದ ಸಾಲು ಒಂದೂ ಇಲ್ಲ ಅಂದರೆ ಯಾರೂ ಅದನ್ನು ತೆರೆದಿಲ್ಲ ಅಂತ ಅರ್ಥ. ಬದಲಿಯವರು ಬಂದಾಗ ಏನು ಮಾಡುತ್ತೀರಿ ಅಂತ ಕೇಳಲೇಬೇಕು. ಮೊದಲ ಭೇಟಿಗೆ ಬಂದವರು ಯಾರ ಮುಖ ನೋಡಿ ಮಾತಾಡುತ್ತಾರೆ ಅಂತ ಗಮನಿಸಿ, ನಿಮ್ಮದೋ ಅಥವಾ ಮಂಚದ ಮೇಲಿರುವವರದೋ. 2012ರಲ್ಲಿ ಇಬ್ಬರು ಅಮೆರಿಕನ್ ತಜ್ಞರು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು, 'ನಿಮಗೆ ಏನಾಗಿದೆ' ಅಂತ ಕೇಳುವುದರ ಜೊತೆಗೆ 'ನಿಮಗೆ ಯಾವುದು ಮುಖ್ಯ' ಅಂತಲೂ ಕೇಳಬೇಕು ಅಂತ. ಈ ಎರಡನೇ ಪ್ರಶ್ನೆ ಅವರ ಬಾಯಲ್ಲಿ ಬರುತ್ತದಾ, ಬಂದಮೇಲೆ ಉತ್ತರಕ್ಕೆ ಕಾಯುತ್ತಾರಾ, ಅದನ್ನು ನೋಡಿ.

ಹೋದ ತಿಂಗಳು ಮೂರನೇ ಪರಿಶೀಲನೆ ಇತ್ತು. ಕೋಆರ್ಡಿನೇಟರ್ ಹಾಳೆಯನ್ನು ಅಪ್ಪನ ಮುಂದೆ ಇಟ್ಟು ಒಂದೊಂದೇ ಸಾಲಿಗೆ ಚಿತ್ರ ತೋರಿಸುತ್ತಾ ಓದಿದರು. ಮಾಮೂಲಿನಂತೆ 'ಹೂಂ', 'ಆಯ್ತು'. ಮಧ್ಯಾಹ್ನದ ನಿದ್ದೆಯ ಸಾಲು ಬಂತು, ಅದರ ಮುಂದೆ 'ಮಗಳು ಹೇಳಿದ್ದು' ಅಂತ ಗುರುತು. ಬಾಯಲ್ಲಿ 'ಹೂಂ' ಅಂದರು. ಕೈ ಮಾತ್ರ ಪೆನ್ನಿನ ಕಡೆ ಹೋಯಿತು. ಎಡಗೈಯಲ್ಲಿ ಪೆನ್ನು ಹಿಡಿದು, ಬಟ್ಟೆಯ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕುವ ಹಾಗೆ, ಆ ಸಾಲಿನ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದರು. 10 ತಿಂಗಳಿಂದ ದಿನಾ ಮಧ್ಯಾಹ್ನ ನಾನು ಪರದೆ ಎಳೆದು ಮಲಗಿಸುತ್ತಿದ್ದೆ. ಈಗ ಆ ಹೊತ್ತಿಗೆ ಪರದೆ ತೆರೆದಿರುತ್ತದೆ, ಅಪ್ಪ ಕಿಟಕಿ ಪಕ್ಕ ಕೂತು ರಸ್ತೆಯಲ್ಲಿ ಹೋಗುವವರ ಬಟ್ಟೆ ನೋಡುತ್ತಾರೆ.

ಮುಂದಿನ ಪರಿಶೀಲನೆ ಇನ್ನೆರಡು ತಿಂಗಳಿಗೆ. ರಾತ್ರಿ ಶಿಫ್ಟಿನ ವಿಷಯ ಅಷ್ಟರಲ್ಲಿ ಏನಾಯಿತು ಅಂತ ಇದರ ಕೆಳಗೇ ಸೇರಿಸುತ್ತೇನೆ.